ಆಟದ ಪೀರಿಯಡ್ ಮಕ್ಕಳಿಗೇ ಬಿಡಿ

ಸಂಪಾದಕರಿಗೆ ನಮಸ್ಕಾರ.

ನನ್ನ ಮಗಳು ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. 400 ಮೀಟರ್ ಓಡುತ್ತಾಳೆ. ಹೋದ ವರ್ಷ ತಾಲ್ಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೂ ಹೋಗಿದ್ದಳು. ಈ ವರ್ಷ ಅವಳ ಕ್ಲಾಸಿಗೆ ಆಟದ ಪೀರಿಯಡ್ಡೇ ಇಲ್ಲ. ಟೈಂಟೇಬಲ್‌ನಲ್ಲಿ ಇದೆ, ಆದರೆ ಆ ಹೊತ್ತಿಗೆ ಗಣಿತವೋ ವಿಜ್ಞಾನವೋ ನಡೆಯುತ್ತದೆ. ಕೇಳಿದರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಮುಖ್ಯ ಅಲ್ವಾ, ಆಡೋದಾದ್ರೆ ಸಂಜೆ ಆಡಲಿ ಎನ್ನುತ್ತಾರೆ.

ಸಂಜೆ ಹೇಗೆ ಆಡುತ್ತಾರೆ? ಶಾಲೆ ಬಿಟ್ಟ ಕೂಡಲೇ ಒಂದು ಬಸ್ಸು, ಅದು ತಪ್ಪಿದರೆ ತೋಟದ ರಸ್ತೆಯಲ್ಲಿ ನಡೆದೇ ಬರಬೇಕು, ಕತ್ತಲಾಗುವ ಹೊತ್ತಿಗೆ ಆ ರಸ್ತೆಗೆ ಆನೆ ಇಳಿಯುತ್ತದೆ. ಹೆಣ್ಣು ಮಗುವನ್ನು ಬಿಡಿ, ದೊಡ್ಡವರೇ ಹೆದರುತ್ತಾರೆ. ಬೆಳಿಗ್ಗೆ ಬೇಗ ಹೋಗೋಣ ಅಂದರೆ ಸ್ಪೆಷಲ್ ಕ್ಲಾಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೈದಾನ ಕೆಸರು ಗದ್ದೆ. ಅದೇ ಮಳೆಯಲ್ಲಿ ಹೋಬಳಿ, ತಾಲ್ಲೂಕು ಕ್ರೀಡಾಕೂಟ ಬೇರೆ. ಮಳೆ ನಿಂತ ಮೇಲೆ ಕಾಫಿ ಕುಯ್ಲು ಶುರು, ಅಪ್ಪ ಅಮ್ಮ ಕುಯ್ಲಿಗೆ ಹೋದರೆ ರಜೆಯ ದಿನ ಎಷ್ಟೋ ಮಕ್ಕಳು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ತಮ್ಮ, ತಂಗಿಯರನ್ನು ನೋಡಿಕೊಂಡು ಇರುತ್ತಾರೆ. ಲೆಕ್ಕ ಹಾಕಿದರೆ ನಮ್ಮ ಮಕ್ಕಳಿಗೆ ಓಡಲು ಉಳಿಯುವುದು ಆ ನಲವತ್ತು ನಿಮಿಷದ ಪೀರಿಯಡ್ ಒಂದೇ. ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಅದೂ ಸಿಗಲಿಲ್ಲ ಅಂದರೆ ಏನು ಮಾಡುವುದು?

ಕೊಡಗು ಅಂದರೆ ಹಾಕಿ, ಕೊಡಗು ಅಂದರೆ ಕ್ರೀಡೆ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಅದು ಹೆಮ್ಮೆಯೇ. ಕೊಡವ ಕುಟುಂಬಗಳು ಒಂದೊಂದು ತಂಡ ಕಟ್ಟಿಕೊಂಡು ಆಡುವ, 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಬಂದವು. ಅಲ್ಲಿ ಅಜ್ಜನ ಜೊತೆ ಮೊಮ್ಮಗನೂ ಸ್ಟಿಕ್ ಹಿಡಿದು ಇಳಿಯುವುದನ್ನು ನೋಡುವುದೇ ಚಂದ. ಆದರೆ ನಮ್ಮ ಶಾಲೆಯ ಹೆಚ್ಚಿನ ಮಕ್ಕಳಿಗೆ ಹಾಗೆ ಇಳಿಯಲು ಕುಟುಂಬದ ತಂಡ ಇಲ್ಲ. ಅವರು ತೋಟದಲ್ಲಿ ಕೆಲಸ ಮಾಡುವವರ ಮಕ್ಕಳು. ಅವರಿಗೆ ಶಾಲೆಯ ತಂಡ ಬಿಟ್ಟರೆ ಬೇರೆ ತಂಡವೇ ಇಲ್ಲ. ಭಾರತದ ಪರ ಎರಡು ಒಲಿಂಪಿಕ್ಸ್‌ನಲ್ಲಿ ಹಾಕಿ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ತಂದೆ ಮರಗೆಲಸ ಮಾಡುತ್ತಿದ್ದರು. ಅಂಥ ಮನೆಯ ಮಗುವಿನ ಕಾಲಲ್ಲಿ ವೇಗ ಇದೆ ಎಂದು ಯಾರಾದರೂ ಮೊದಲು ಗಮನಿಸಬೇಕಲ್ಲ?

ಗಮನಿಸಬೇಕಾದವರು ಪಿ.ಟಿ. ಮೇಷ್ಟ್ರು. ನಾನೂ ಇದೇ ಮೈದಾನದಲ್ಲಿ ಬರಿಗಾಲಲ್ಲಿ ಓಡಿದವಳು. ಆಗಿನ ಮೇಷ್ಟ್ರು ತಾವೇ ಸುಣ್ಣದಲ್ಲಿ ಗೆರೆ ಎಳೆದು, ಕೂಡಿಗೆಯ ಕ್ರೀಡಾ ಶಾಲೆಯಲ್ಲಿ ಆಯ್ಕೆ ಇದೆ ಅಂದರೆ ಮನೆಗೇ ಬಂದು ಅಪ್ಪ ಅಮ್ಮನನ್ನು ಒಪ್ಪಿಸಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಶಾಲೆಯಲ್ಲಿ ಹಿಂದಿನವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಆಯ್ಕೆ ಯಾವಾಗ ಎಂಬುದೇ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಗಣಿತದ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಲೂ ರಿಸಲ್ಟಿನ ಒತ್ತಡ ಜಾಸ್ತಿ ಇದೆ, ಮಕ್ಕಳು ಪಾಸಾಗಲಿ ಎಂದೇ ಅವರು ಪಾಠ ಮಾಡುತ್ತಾರೆ. ಆದರೆ ದಿನವಿಡೀ ಬೆಂಚಿನ ಮೇಲೆ ಕೂತ ಮಗುವಿನ ತಲೆಗೆ ಕೊನೆಯ ಪೀರಿಯಡ್ಡಿನ ಲೆಕ್ಕ ಎಷ್ಟು ಹತ್ತುತ್ತದೆ? ಓಡಿ ಬಂದ ದಿನ ನನ್ನ ಮಗಳು ಖುಷಿಯಿಂದ ಪುಸ್ತಕ ಹಿಡಿಯುತ್ತಾಳೆ. ಓಡದ ದಿನ ಸುಮ್ನೆ ಕೂತಿರುತ್ತಾಳೆ.

ಶಿಕ್ಷಣ ಇಲಾಖೆಯವರು ಖಾಲಿ ಇರುವ ದೈಹಿಕ ಶಿಕ್ಷಕರ ಹುದ್ದೆಗಳನ್ನು ಮುಂದಿನ ಜೂನ್‌ಗೆ ಮೊದಲು ತುಂಬಲಿ. ಅಲ್ಲಿಯವರೆಗೆ ಹತ್ತನೇ ತರಗತಿಯ ಆಟದ ಪೀರಿಯಡ್ಡಿನಲ್ಲಿ ಬೇರೆ ಪಾಠ ಮಾಡಬಾರದು ಎಂದು ಶಾಲೆಗಳಿಗೆ ಬರೆದು ತಿಳಿಸಲಿ, ಅದಕ್ಕೆ ಹಣವೂ ಬೇಕಿಲ್ಲ. ನಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನು ಇದನ್ನೇ ಕೇಳುತ್ತೇನೆ. ಬೇರೆ ಶಾಲೆಗಳ ತಂದೆ ತಾಯಂದಿರೂ ದಯವಿಟ್ಟು ಕೇಳಿ.

– ಒಬ್ಬ ತಾಯಿ, ದಕ್ಷಿಣ ಕೊಡಗು