ಬಳ್ಳಾರಿಯವರು ಇಂಥ ಸಿನಿಮಾ ನೋಡಲ್ಲ ಅಂತ ಯಾರು ಹೇಳಿದ್ದು?

ಬಳ್ಳಾರಿ
12 ನವೆಂಬರ್ 2025

ಗೆ,
ವ್ಯವಸ್ಥಾಪಕರು, ಮಲ್ಟಿಪ್ಲೆಕ್ಸ್ ಚಿತ್ರಮಂದಿರ, ಬಳ್ಳಾರಿ
ಪ್ರತಿ: ಕಂಪನಿಯ ಗ್ರಾಹಕ ಸೇವಾ ವಿಭಾಗ

ವಿಷಯ: ನವೆಂಬರ್ 9ರ ಭಾನುವಾರ ಸಂಜೆಯ ಕನ್ನಡ ಸಿನಿಮಾ ಶೋ ರದ್ದು ಮಾಡಿದ್ದು, ಬುಕಿಂಗ್ ಶುಲ್ಕ ಹಿಂದಿರುಗಿಸದಿರುವುದು ಮತ್ತು ಪರದೆಯ ಮಬ್ಬು ಬೆಳಕು.

ಮಾನ್ಯರೇ,

ನಾನು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ಇಟ್ಟುಕೊಂಡಿದ್ದೇನೆ. ವಾರಕ್ಕೆ ಆರು ದಿನ ಮಷಿನ್ ಸದ್ದು, ಭಾನುವಾರ ಸಿನಿಮಾ. ನಾನು ಚಿಕ್ಕವನಿದ್ದಾಗಿನಿಂದ ನಮ್ಮ ಮನೆಯ ರೂಢಿ ಇದು. ಪತ್ರ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಭಾನುವಾರ ಸಂಜೆ 6.45ರ ಶೋಗೆ ನಾಲ್ಕು ಟಿಕೆಟ್ ಬುಕ್ ಮಾಡಿದ್ದೆ. ಹೊಸಬರು ಮಾಡಿದ ಕನ್ನಡ ಸಿನಿಮಾ. ದೊಡ್ಡ ಹೀರೋ ಇಲ್ಲ, ಕಟೌಟ್ ಇಲ್ಲ. ನೋಡಿದವರು ಚೆನ್ನಾಗಿದೆ ಅಂದಿದ್ದರು. ಶುಕ್ರವಾರ, ಶನಿವಾರ ಅದಕ್ಕೆ ನೀವು ಬೆಳಿಗ್ಗೆ 9.50ರ ಒಂದೇ ಶೋ ಕೊಟ್ಟಿದ್ದಿರಿ. ದುಡಿಯುವ ಜನ ಆ ಹೊತ್ತಿಗೆ ಸಿನಿಮಾಕ್ಕೆ ಹೇಗೆ ಬರಬೇಕು? ಭಾನುವಾರ ಮಾತ್ರ ಸಂಜೆ ಹಾಕಿದ್ದಿರಿ. ನಾವು ಅದಕ್ಕೇ ಕಾದಿದ್ದೆವು.

5.40ಕ್ಕೆ ಮೊಬೈಲಿಗೆ ಮೆಸೇಜ್ ಬಂತು, ಶೋ ರದ್ದಾಗಿದೆ ಎಂದು. ಅಷ್ಟೊತ್ತಿಗೆ ಅವ್ವನನ್ನು ಆಟೋ ಹತ್ತಿಸಿ ಆಗಿತ್ತು. ಅವ್ವನಿಗೆ 74 ವರ್ಷ, ಮೊಣಕಾಲು ನೋವು. ಸಿನಿಮಾ ಅಂದರೆ ಮಾತ್ರ ಮನೆಯಿಂದ ಹೊರಗೆ ಬರುತ್ತಾರೆ. ಟಿಕೆಟ್ಟಿನ 720 ರೂಪಾಯಿ ವಾಪಸ್ ಬರುತ್ತದಂತೆ. ಬುಕಿಂಗ್ ಶುಲ್ಕ 141 ರೂಪಾಯಿ 60 ಪೈಸೆ ಬರುವುದಿಲ್ಲವಂತೆ. ಶೋ ರದ್ದು ಮಾಡಿದವರು ನೀವು, ದುಡ್ಡು ಕಳೆದುಕೊಳ್ಳುವವನು ನಾನು. ಇದು ಯಾವ ನ್ಯಾಯ?

ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ, "ಆರೇ ಟಿಕೆಟ್ ಹೋಗಿದ್ವು ಸರ್. ಬಳ್ಳಾರಿಯವರು ಇಂಥ ಸಿನಿಮಾ ನೋಡಲ್ಲ" ಅಂದ. ಆ ಹುಡುಗನ ಮೇಲೆ ನನ್ನ ದೂರಿಲ್ಲ, ಮೇಲಿನವರು ಹೇಳಿಕೊಟ್ಟಿದ್ದನ್ನು ಹೇಳಿದ್ದಾನೆ. ಅವನಿಗೆ ಏನೂ ಮಾಡಬೇಡಿ. ಆದರೆ ಆ ಮಾತು ಮೂರು ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಆ ಆರರಲ್ಲಿ ನಾಲ್ಕು ನಮ್ಮ ಮನೆಯವು.

ಬಂದವರು ಹಾಗೇ ತಿರುಗಿ ಹೋಗುವುದು ಬೇಡ ಎಂದು ಪಕ್ಕದ ಪರದೆಯ ದೊಡ್ಡ ಹೀರೋ ಸಿನಿಮಾಕ್ಕೆ ಹೋದೆವು. ಅದು ತೆಲುಗು. ಬಳ್ಳಾರಿಯಲ್ಲಿ ತೆಲುಗು ಯಾರಿಗೂ ಹೊರಗಿನದಲ್ಲ. ಎರಡೂ ಭಾಷೆಯ ನಾಟಕದವರು ತಮ್ಮವರು ಅಂದುಕೊಳ್ಳುವ ಬಳ್ಳಾರಿ ರಾಘವರ ಊರು ಇದು. ನನಗೆ ತೆಲುಗು ಸಲೀಸಾಗಿ ಬರುತ್ತದೆ. ಅವ್ವನ ತವರು ಕೊಪ್ಪಳದ ಕಡೆ, ಅವರಿಗೆ ಬರುವುದಿಲ್ಲ. ಅದೇ ಸಿನಿಮಾ ಕನ್ನಡದಲ್ಲೂ ಇದೆ, ಬೇರೆ ಊರುಗಳಲ್ಲಿ ನಡೆಯುತ್ತಿದೆ. ಕನ್ನಡಕ್ಕೆ ಡಬ್ಬಿಂಗ್ ತಡೆಯುವುದು ತಪ್ಪು ಎಂದು, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತು. ಹತ್ತು ವರ್ಷ ಆದರೂ ಬಳ್ಳಾರಿಯ ನಿಮ್ಮ ಪರದೆಯಲ್ಲಿ ಕನ್ನಡದ ಪ್ರಿಂಟ್ ಸಿಗುವುದಿಲ್ಲ. ಪುಷ್ಪ 2 ಬಂದಾಗಲೂ ಹೀಗೇ ಆಯಿತು. 3 ಗಂಟೆ 20 ನಿಮಿಷದ ಸಿನಿಮಾ ಅದು. ಅವ್ವ ಅಷ್ಟೂ ಹೊತ್ತು ಕುಣಿತ, ಹೊಡೆದಾಟ ಮಾತ್ರ ನೋಡಿ ಎದ್ದುಬಂದರು. ನನ್ನನ್ನು ಕೇಳಿದರೆ ಅದರಲ್ಲಿ ಒಂದು ಗಂಟೆ ಸುಮ್ನೆ ಎಳೆದದ್ದು. ಅಲ್ಲು ಅರ್ಜುನ್ ಮೈಮುರಿದು ದುಡಿದಿದ್ದಾರೆ, ಕಥೆ ಮಾತ್ರ ಮೊದಲ ಭಾಗಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಲ್ಲ.

ಈಗ ಪರದೆಯ ವಿಷಯ. ಭಾನುವಾರ ನಾವು ನೋಡಿದ ಸಿನಿಮಾದಲ್ಲಿ ರಾತ್ರಿಯ ದೃಶ್ಯ ಜಾಸ್ತಿ. ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದೇ ಕಾಣುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ಇಲ್ಲಿನ ಹಳೇ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದರು. ಆಗ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದರು. ಕಡ್ಡಿ ಸವೆದಂತೆ ಬೆಳಕು ಕುಂದುತ್ತದೆ, ಎರಡು ಕಡ್ಡಿಗಳ ನಡುವಿನ ಸಂದನ್ನು ಆಗಾಗ ಸರಿ ಮಾಡುತ್ತಲೇ ಇರಬೇಕು. ರೀಲು ಮುಗಿಯುವ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮೂಡುತ್ತದೆ, ಅದನ್ನು ನೋಡಿ ಎರಡನೇ ಪ್ರೊಜೆಕ್ಟರ್ ಶುರು ಮಾಡಬೇಕು. ಸ್ವಲ್ಪ ಮಬ್ಬಾದರೂ ಗಾಂಧಿ ಕ್ಲಾಸಿನಿಂದ ಕೂಗು ಬೀಳುತ್ತಿತ್ತು, ದೊಡ್ಡಪ್ಪ ಬೆವರುತ್ತಾ ಓಡುತ್ತಿದ್ದರು. ಈಗ ಕೂಗಿದರೂ ಕೇಳಿಸಿಕೊಳ್ಳಲು ಒಳಗೆ ಯಾರೂ ಇಲ್ಲ. ನಾನು ಇಂಟರ್ವಲ್‌ಗೆ ಮುಂಚೆ ಎದ್ದು ಹೊರಗೆ ಬಂದು ಹುಡುಕಿದೆ. ಪಾಪ್‌ಕಾರ್ನ್ ಮಾರುವವರು ಬಿಟ್ಟು ಯಾರೂ ಇರಲಿಲ್ಲ.

ದೊಡ್ಡಪ್ಪನಿಗೆ ಹೇಳಿದೆ. ಎರಡು ಕಾರಣ ಇರಬಹುದು ಅಂದರು. ಒಂದು, ಬಲ್ಬ್ ಹಳತಾಗಿದೆ. ಗಂಟೆಗಟ್ಟಲೆ ಉರಿದ ಬಲ್ಬಿನ ಬೆಳಕು ಇಳಿಯುತ್ತಾ ಹೋಗುತ್ತದೆ, ಪೂರ್ತಿ ಹೋಗುವ ತನಕ ಬದಲಿಸದೆ ಎಳೆಯುತ್ತಾರೆ. ಇನ್ನೊಂದು, 3ಡಿಗೆ ಹಾಕುವ ಲೆನ್ಸನ್ನು ಮಾಮೂಲಿ ಸಿನಿಮಾಕ್ಕೂ ತೆಗೆಯದೆ ಬಿಟ್ಟಿದ್ದಾರೆ. ಎರಡರಲ್ಲಿ ಯಾವುದೇ ಇರಲಿ, ಪರೀಕ್ಷೆ ಮಾಡುವುದು ಸುಲಭ. ಪರದೆಯ ಬೆಳಕು ಇಷ್ಟಿರಬೇಕು ಎಂಬ ಅಳತೆ ಇದೆ, 14 ಫುಟ್-ಲ್ಯಾಂಬರ್ಟ್. ಅಳೆಯುವ ಮೀಟರ್ ಇದೆ. ಅಳೆದು, ಎಷ್ಟು ಬಂತು ಎಂದು ನನಗೆ ಬರೆದು ತಿಳಿಸಿ. ಬೆಳಕು ಅರ್ಧ ಕೊಟ್ಟು ಸದ್ದು ಎರಡರಷ್ಟು ಕೊಟ್ಟರೆ ಸರಿಹೋಗುತ್ತಾ? ಮಗಳು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಇನ್ನು, ನಾವು ಏನು ನೋಡುತ್ತೇವೆ, ಏನು ನೋಡಲ್ಲ ಎಂಬ ಮಾತು.

ಕೆಜಿಎಫ್ ಎರಡನೇ ಭಾಗ 2022ರ ಏಪ್ರಿಲ್ 14ರಂದು ಬಂತು. ಮೊದಲ ದಿನವೇ ನೋಡಿದೆ. ಯಶ್ ಬಂದಾಗ ನಾನೂ ಸಿಳ್ಳೆ ಹೊಡೆದೆ. ಕನ್ನಡ ಸಿನಿಮಾವನ್ನು ದೇಶವೆಲ್ಲ ತಿರುಗಿ ನೋಡಿತು, ಖುಷಿಯಾಯಿತು. ಆದರೆ ಗಣಿಯಲ್ಲಿ ದುಡಿಯುವ ಅಷ್ಟೊಂದು ಜನ ಅದರಲ್ಲಿ ಬರೀ ಗುಂಪು. ಅವರು ಹೀರೋಗೆ ಕೈ ಮುಗಿಯಲು ಮಾತ್ರ ಇದ್ದಾರೆ. ಗಣಿ ಅಂದರೆ ಏನು ಎಂದು ಬಳ್ಳಾರಿಯವರಿಗೆ ಸಿನಿಮಾ ಹೇಳಿಕೊಡಬೇಕಿಲ್ಲ. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ ಹಿಂದೆ ಬೈಕ್ ಓಡಿಸಿದವರ ಬಿಳಿ ಅಂಗಿ ನೋಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲದ ಕಂತು ಕಟ್ಟಲಾಗದವರು ನಮ್ಮ ಓಣಿಯಲ್ಲೇ ಇದ್ದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ದಿನಾ ನೆಲದೊಳಗೆ ಇಳಿದು ಬರುವ ಆ ಜನರ ಮೇಲೆ ಒಂದು ಸಾಕ್ಷ್ಯಚಿತ್ರ ನಿಮ್ಮಲ್ಲಿ ಬಂದರೆ ನಮ್ಮ ಘಟಕದ ಹದಿನಾಲ್ಕು ಜನಕ್ಕೂ ನಾನೇ ಟಿಕೆಟ್ ತೆಗೆಯುತ್ತೇನೆ.

ಕಾಂತಾರ ಕೂಡ ನನಗೆ ಇಷ್ಟ. ಆ ಕೊನೆಯ ಇಪ್ಪತ್ತು ನಿಮಿಷ ಅವ್ವ ಕೈ ಮುಗಿದುಕೊಂಡೇ ನೋಡಿದರು. ಆದರೆ ಸಿನಿಮಾದ ಮೊದಲರ್ಧದಲ್ಲಿ ಹೀರೋ ಹುಡುಗಿಯ ಸೊಂಟ ಚಿವುಟುವುದನ್ನು ತಮಾಷೆ ಅಂತ ತೋರಿಸಿದ್ದು ತಪ್ಪು. ಪಕ್ಕದಲ್ಲಿ ಮಗಳಿದ್ದಳು, ನನಗೆ ಸಂಕಟವಾಯಿತು. ಆ ಸಿನಿಮಾದಿಂದ ನಿಮಗೊಂದು ಪಾಠ ಇದೆ. 2022ರ ಸೆಪ್ಟೆಂಬರ್ 30ರಂದು ಅದು ಮೊದಲು ಕನ್ನಡದಲ್ಲಿ ಮಾತ್ರ ಬಂತು. ಜನ ಬಾಯಿಂದ ಬಾಯಿಗೆ ಹೇಳಿದ ಮೇಲೆ ಬೇರೆ ಭಾಷೆಗಳಿಗೆ ಹೋಯಿತು. ಈ ವರ್ಷ ಜುಲೈನಲ್ಲಿ ಬಂದ ಸು ಫ್ರಮ್ ಸೋ ಕೂಡ ಹಾಗೇ. ದೊಡ್ಡ ಹೀರೋ ಇಲ್ಲದ ಸಿನಿಮಾ, ನೋಡಿದವರ ಮಾತಿನ ಮೇಲೆಯೇ ಬೆಳೆಯಿತು. ಮಾತು ಹರಡಲು ಎರಡು ಭಾನುವಾರವಾದರೂ ಬೇಡವೇ? ಮೂರನೇ ದಿನಕ್ಕೇ ಎತ್ತಂಗಡಿ ಮಾಡಿ, ಆಮೇಲೆ ಜನ ಬರಲ್ಲ ಅಂದರೆ ಹೇಗೆ?

777 ಚಾರ್ಲಿ ನೋಡಿ ನಾವು ನಾಲ್ವರೂ ಅತ್ತೆವು. ಅದು ಅರ್ಧ ಗಂಟೆ ಉದ್ದವಾಯಿತು ಅನ್ನುವುದೂ ನಿಜ.

ಫೋಟೋ ಎಂಬ ಸಿನಿಮಾವನ್ನು ನಾನು ನಿಮ್ಮಲ್ಲಿ ನೋಡಲಿಲ್ಲ. 2024ರ ಮಾರ್ಚ್‌ನಲ್ಲಿ ತಮ್ಮನ ಮನೆಗೆಂದು ಬೆಂಗಳೂರಿಗೆ ಹೋದಾಗ ನೋಡಿದೆ. ಉತ್ಸವ್ ಗೋನವಾರ ನಿರ್ದೇಶನ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದು ಆಸೆಪಡುವ ರಾಯಚೂರು ಕಡೆಯ ಹುಡುಗ, ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪ, ಲಾಕ್‌ಡೌನ್, ಊರಿಗೆ ನಡಿಗೆ. ನಮ್ಮ ಕಡೆಯ ಮಾತು ಪರದೆಯ ಮೇಲೆ ನಗಿಸುವುದಕ್ಕಲ್ಲದೆ ಬಂದಿದ್ದು ಕೇಳಿ ಗಂಟಲು ಕಟ್ಟಿತು. ಕೆಲವು ಕಡೆ ನಿಧಾನ, ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ನಡೆದು ಬಂದ ಜನ ನಮ್ಮ ಜಿಲ್ಲೆಗಳವರು. ಅವರ ಕಥೆ ನೋಡಲು ನಾನು ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಾ?

ಸಾಕ್ಷ್ಯಚಿತ್ರ ಅಂದರೆ ಹಳ್ಳಿಯವರಿಗೆ ಬೇಜಾರು ಅಂದುಕೊಂಡಿದ್ದೀರಿ. ಭಾಷೆ ತಿಳಿಯದಿದ್ದರೆ ಬೇಜಾರು. 2023ರಲ್ಲಿ ಆಸ್ಕರ್ ಗೆದ್ದ, ಆನೆಮರಿ ಸಾಕುವ ಗಂಡ ಹೆಂಡತಿಯ ಸಾಕ್ಷ್ಯಚಿತ್ರ ದಿ ಎಲಿಫೆಂಟ್ ವಿಸ್ಪರರ್ಸ್ ಅನ್ನು ಮನೆಯಲ್ಲಿ ಹಾಕಿದೆ. ಮಾತು ತಮಿಳು, ಕೆಳಗೆ ಇಂಗ್ಲಿಷ್ ಅಕ್ಷರ. ಅವ್ವನಿಗೆ ನಾನು ಓದಿ ಹೇಳುತ್ತಾ ಕೂತೆ. ಆನೆಮರಿ ರಘುವನ್ನು ನೋಡಿ ನಕ್ಕರು. ಆಮೇಲೆ, "ಆ ಗಂಡ ಹೆಂಡತಿಗೆ ಪಗಾರ ಎಷ್ಟು ಕೊಡ್ತಾರೆ?" ಎಂದು ಕೇಳಿದರು. ಚಿತ್ರ ಅದನ್ನು ಹೇಳುವುದಿಲ್ಲ. ಕಾಡು, ಬೆಳಕು, ಮಳೆ ಎಲ್ಲ ಚೆಂದ ತೆಗೆದಿದ್ದಾರೆ, ಬೊಮ್ಮನ್, ಬೆಳ್ಳಿ ಅವರ ಬದುಕಿನ ಕಷ್ಟ ಕಡಿಮೆ ತೋರಿಸಿದ್ದಾರೆ. ಅದು ನನ್ನ ತಕರಾರು. ಅದಕ್ಕೂ ಮುಂಚೆ, 2020ರ ಜೂನ್ 5ರಂದು ನಮ್ಮ ರಾಜ್ಯದ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ ವೈಲ್ಡ್ ಕರ್ನಾಟಕ ಟಿವಿಯಲ್ಲಿ ಬಂತು. ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಅವ್ವ ಕದಲದೆ ನೋಡಿದರು. ನಮ್ಮ ಕಡೆಯ ದರೋಜಿ ಕರಡಿಧಾಮದ ಕರಡಿಗಳನ್ನು ಕಣ್ಣಾರೆ ನೋಡಿದವರು ಅವರು, ಕಾಡಿನ ಚಿತ್ರ ಅವರಿಗೆ ಯಾಕೆ ಬೇಜಾರಾಗುತ್ತದೆ? ಅದನ್ನು ದೊಡ್ಡ ಪರದೆಯಲ್ಲಿ ಕನ್ನಡದ ದನಿಯ ಜೊತೆ ತೋರಿಸುವ ಭಾಗ್ಯ ನನಗೆ ಸಿಗಲಿಲ್ಲ.

ಇನ್ನೆರಡು ಸಣ್ಣ ವಿಷಯ. ಟಿಕೆಟ್ಟಿನಲ್ಲಿ 6.55 ಎಂದಿದ್ದ ಆ ತೆಲುಗು ಸಿನಿಮಾ ಶುರುವಾದದ್ದು 7.19ಕ್ಕೆ. ತಂಬಾಕಿನ ಎಚ್ಚರಿಕೆ ಕಾನೂನು, ಅದು ಇರಲಿ. ಉಳಿದದ್ದೆಲ್ಲ ಚಿನ್ನದಂಗಡಿ, ಸಿಮೆಂಟು, ಕೋಚಿಂಗ್ ಜಾಹೀರಾತು. ಸಿನಿಮಾ ನಿಜವಾಗಿ ಶುರುವಾಗುವ ಹೊತ್ತನ್ನು ಟಿಕೆಟ್ಟಿನಲ್ಲಿ ಹಾಕಬೇಕು ಎಂದು ಬೆಂಗಳೂರಿನ ಗ್ರಾಹಕ ಆಯೋಗ ಈ ವರ್ಷ ಫೆಬ್ರುವರಿಯಲ್ಲಿ ಆದೇಶ ಮಾಡಿತ್ತು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಗೊತ್ತು. ಆದರೆ ಟಿಕೆಟ್ಟಿನಲ್ಲಿ ಇನ್ನೊಂದು ಸಾಲು ಅಚ್ಚು ಹಾಕಲು ನಿಮಗೆ ಯಾವ ಕೋರ್ಟೂ ಬೇಡ ಅಂದಿಲ್ಲ. ಇನ್ನೊಂದು ನೀರು. ಚಿತ್ರಮಂದಿರಗಳು ಕುಡಿಯುವ ನೀರು ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ನಿಮ್ಮಲ್ಲಿ ನಲ್ಲಿ ಇದೆ, ಲೋಟ ಇಲ್ಲ. ಮನೆಯ ಬಾಟಲಿ ಬಾಗಿಲಲ್ಲೇ ಇಡಿಸಿಕೊಂಡಿರಿ. ಅವ್ವ ಮಾತ್ರೆ ನುಂಗಲು 60 ರೂಪಾಯಿ ಕೊಟ್ಟು ಬಾಟಲಿ ತಂದೆ.

ಸರ್ಕಾರ ಟಿಕೆಟ್ ದರಕ್ಕೆ ಹಾಕಿದ 200 ರೂಪಾಯಿ ಮಿತಿಯ ವಿಷಯ ಕೋರ್ಟಿಗೆ ಹೋಗಿದೆ. ಅದರ ಬಗ್ಗೆ ಇಲ್ಲಿ ಜಗಳವಿಲ್ಲ.

ನನಗೆ ಬೇಕಾದದ್ದು ಇಷ್ಟು. 141 ರೂಪಾಯಿ 60 ಪೈಸೆ ವಾಪಸ್ ಕೊಡಿ. ಪರದೆಯ ಬೆಳಕು ಅಳೆದು ಸರಿ ಮಾಡಿ, ಶೋ ನಡೆಯುವಾಗ ದೂರು ಕೇಳಲು ಒಬ್ಬರನ್ನು ಇಡಿ. ಕನ್ನಡ ಡಬ್ ಇರುವ ಸಿನಿಮಾಕ್ಕೆ ದಿನಕ್ಕೆ ಒಂದಾದರೂ ಕನ್ನಡದ ಶೋ ಕೊಡಿ. ಸಣ್ಣ ಕನ್ನಡ ಸಿನಿಮಾಗಳಿಗೆ ಎರಡು ವಾರ, ಭಾನುವಾರ ಸಂಜೆಯ ಒಂದು ಆಟ ಬಿಡಿ. ತಿಂಗಳಿಗೊಂದು ಸಾಕ್ಷ್ಯಚಿತ್ರ ಹಾಕುವುದಾದರೆ ಕಾಲೇಜುಗಳಿಗೆ, ನಮ್ಮ ಓಣಿಗೆ ಹೇಳುವ ಕೆಲಸ ನಾನು ಮಾಡುತ್ತೇನೆ. ದುಡ್ಡು ಕೇಳುವುದಿಲ್ಲ.

ಬುಕಿಂಗ್ ರಸೀದಿ ಮತ್ತು ರದ್ದಾದ ಮೆಸೇಜಿನ ಪ್ರತಿ ಈ ಪತ್ರದ ಜೊತೆಗಿದೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ರದ್ದು ಮಾಡಿದ ಆ ಸಿನಿಮಾವನ್ನು ಮತ್ತೆ ಯಾವತ್ತು ಹಾಕುತ್ತೀರಿ ಎಂಬುದನ್ನೂ ಉತ್ತರದಲ್ಲಿ ಬರೆಯಿರಿ. ಅವ್ವ ದಿನಾ ಕೇಳುತ್ತಿದ್ದಾರೆ.

ಇಂತಿ,
ನಿಮ್ಮ ಪ್ರೇಕ್ಷಕ,
ಕೌಲ್ ಬಜಾರ್, ಬಳ್ಳಾರಿ