ಈ ವಾರ ಎರಿಕಾ ಸಲುಮ್ಯಾ ಬಗ್ಗೆ ಮಾತಾಡೋಣ
ಎಲ್ಲರಿಗೂ ನಮಸ್ಕಾರ. ಭಾನುವಾರ ಸೈಕಲ್ ಸುತ್ತಾಟ ಮುಗಿದ ಮೇಲೆ ಕಾಫಿ ಕುಡಿಯುತ್ತಾ, ಅಂಡಾಕಾರದ ಟ್ರ್ಯಾಕ್ ಮೇಲೆ ಸೈಕಲ್ ರೇಸ್ ಮಾಡುತ್ತಿದ್ದ ಎರಿಕಾ ಸಲುಮ್ಯಾ ಬಗ್ಗೆ ಮಾತಾಡೋಣ, ಬರುವ ಮುಂಚೆ ಅವರ ಒಂದು ರೇಸ್ ವಿಡಿಯೋ ಆದರೂ ನೋಡಿಕೊಂಡು ಬನ್ನಿ.

ಎಸ್ಟೋನಿಯಾದ ಪ್ಯಾರ್ನು ಊರಿನವರು. 1987 ಮತ್ತು 1989ರಲ್ಲಿ ಸ್ಪ್ರಿಂಟ್ ವಿಶ್ವ ಚಾಂಪಿಯನ್. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಮೊದಲ ಸಲ ಬಂದಿದ್ದೇ 1988ರ ಸೋಲ್‌ನಲ್ಲಿ, ಆ ಮೊದಲ ಚಿನ್ನ ಸೋವಿಯತ್ ಜೆರ್ಸಿ ಹಾಕಿದ್ದ (ಆಗ ಎಸ್ಟೋನಿಯಾ ಸೋವಿಯತ್ ಒಕ್ಕೂಟದಲ್ಲಿತ್ತು) ಇವರಿಗೇ ಸಿಕ್ಕಿತು. ಫೈನಲ್‌ನಲ್ಲಿ ಸೋತವರು ಕ್ರಿಸ್ಟಾ ರೋಥೆನ್‌ಬರ್ಗರ್, ಅದೇ ವರ್ಷ ಐಸ್ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದಿದ್ದವರು!

ಸ್ಪ್ರಿಂಟ್ ಅಂದರೆ ಸುಮ್ನೆ ಜೋರಾಗಿ ತುಳಿಯೋದಲ್ಲ. ಇಬ್ಬರೇ ಇರುತ್ತಾರೆ, ಸೈಕಲ್‌ಗೆ ಬ್ರೇಕ್ ಇಲ್ಲ, ಶುರುವಿನಲ್ಲಿ ನಡೆಯೋ ಹಾಗೆ ಮೆಲ್ಲಗೆ ಹೋಗ್ತಾ ಮುಂದಿರುವವರು ಹಿಂದೆ ತಿರುಗಿ ತಿರುಗಿ ನೋಡ್ತಾರೆ, ಆಮೇಲೆ ಒಂದೇ ಸಲ ನುಗ್ಗೋದು.

ನನಗೆ ಜಾಸ್ತಿ ಇಷ್ಟವಾಗೋದು 1992ರ ಬಾರ್ಸಿಲೋನಾ. ಎಸ್ಟೋನಿಯಾ ಸ್ವತಂತ್ರವಾಗಿ ಇನ್ನೂ ಒಂದು ವರ್ಷ, ಅಷ್ಟರಲ್ಲೇ ಅದೇ ಸ್ಪ್ರಿಂಟ್‌ನಲ್ಲಿ ತಮ್ಮ ನಾಡಿಗಾಗಿ ಮತ್ತೆ ಚಿನ್ನ. ಪದಕದ ಹೊತ್ತಿಗೆ ನೀಲಿ, ಕಪ್ಪು, ಬಿಳಿ ಬಾವುಟವನ್ನು ತಲೆಕೆಳಗಾಗಿ ಏರಿಸಿಬಿಟ್ಟರು, ಬಿಳಿ ಬಣ್ಣ ಮೇಲೆ! ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ವಿಡಿಯೋ ಸಿಕ್ಕವರು ಇಲ್ಲೇ ಹಾಕಿ.