ಅಪ್ಪನಿಗೆ, ಕೊಂಡಿಯ ವಿಷಯ

ಲಂಡನ್, ಭಾನುವಾರ ಸಂಜೆ

ಅಪ್ಪಾ, ನಿಮಗೂ ಅವ್ವನಿಗೂ ಆಯಿಗೂ ಶರಣು. ನಾನು ಆರಾಮಾಗಿದ್ದೇನೆ. ಚಳಿ ಜಾಸ್ತಿ. ಅವ್ವ ಕಳಿಸಿದ ಶೇಂಗಾ ಚಟ್ನಿ ಇನ್ನೂ ಇದೆ.

ಇವತ್ತು ಥೇಮ್ಸ್ ದಂಡೆಯ ಟ್ವಿಕನ್‌ಹ್ಯಾಮ್‌ಗೆ ಹೋಗಿದ್ದೆ. ಅಲ್ಲಿನ ಚರ್ಚಿನಲ್ಲಿ ಅಲೆಕ್ಸಾಂಡರ್ ಪೋಪ್ ಎಂಬ ಕವಿಯ ಸಮಾಧಿ ಇದೆ. ಮನುಷ್ಯನ ಬಗ್ಗೆ ಅವರು ಬರೆದ ಉದ್ದನೆಯ ಕವಿತೆ 1733-34ರಲ್ಲಿ ಅಚ್ಚಾಯಿತು. ವಾರದಿಂದ ಅದನ್ನೇ ಓದುತ್ತಿದ್ದೇನೆ. ಓದುವಾಗೆಲ್ಲ ಇಳಕಲ್ಲಿನ ನಮ್ಮ ಮಗ್ಗ ಕಣ್ಣ ಮುಂದೆ ಬರುತ್ತದೆ.

ಅವರ ಪ್ರಕಾರ ಸೃಷ್ಟಿ ಒಂದು ದೊಡ್ಡ ಸರಪಳಿ. ದೇವರಿಂದ ಶುರುವಾಗಿ ದೇವದೂತರು, ಮನುಷ್ಯರು, ಪ್ರಾಣಿ, ಹಕ್ಕಿ, ಮೀನು, ಹುಳುವಿನ ತನಕ. ಹತ್ತನೆಯ ಕೊಂಡಿ ಮುರಿಯಲಿ, ಹತ್ತು ಸಾವಿರದ್ದು ಮುರಿಯಲಿ, ಸರಪಳಿ ತುಂಡಾಯಿತು ಅಂತಲೇ ಅರ್ಥ. ಕೊಂಡಿ! ಕೆಂಪು ಸೆರಗಿನ ಎಳೆಗೆ ಒಡಲಿನ ಎಳೆಯನ್ನು ನೀವು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದು ನೆನಪಾಯಿತು. ಒಂದು ಎಳೆ ತಪ್ಪಿದರೂ ಬಿಚ್ಚಿಸುತ್ತಿದ್ದಿರಿ ಅಲ್ವಾ.

ಮನುಷ್ಯನಿಗೆ ಅಷ್ಟು ಸೂಕ್ಷ್ಮವಾದ ಕಣ್ಣು ಯಾಕಿಲ್ಲ? ಮನುಷ್ಯ ನೊಣ ಅಲ್ಲ, ಅದಕ್ಕೆ ಅನ್ನುತ್ತಾರೆ ಪೋಪ್. ಈ ಮಾತು ನನಗೆ ಬಹಳ ಹಿಡಿಸಿತು.

ಆದರೆ ಮೊದಲ ಭಾಗದ ಕೊನೆಗೆ, ಇರುವುದೆಲ್ಲ ಸರಿಯಾಗಿಯೇ ಇದೆ ಅನ್ನುತ್ತಾರೆ. ಅಲ್ಲಿ ನಿಂತುಬಿಟ್ಟೆ. ಚಿಕ್ಕಂದಿನ ಬೆನ್ನುಮೂಳೆಯ ರೋಗದಿಂದ ಅವರು ಸುಮಾರು ನಾಲ್ಕೂವರೆ ಅಡಿಯಷ್ಟೇ ಬೆಳೆದರು. ಕ್ಯಾಥೊಲಿಕ್ ಮತದವರೆಂದು ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತ್ತು. ಅಷ್ಟು ನೋವುಂಡು ಹಾಗೆ ನಂಬಿದರಲ್ಲ ಎಂದು ಗೌರವ ಬರುತ್ತದೆ. ಒಪ್ಪಲು ಮಾತ್ರ ಆಗುವುದಿಲ್ಲ. ಮೇಲು ಕೀಳು ದೇವರೇ ಮಾಡಿದ್ದು ಎಂದು ನಮ್ಮ ಕಡೆಯೂ ಹೇಳಿದರು. ಅದು ಸರಿಯಲ್ಲ ಎಂದು ಕೇಳಿದವರಿಂದಲೇ ಅಲ್ವಾ 12ನೇ ಶತಮಾನದಲ್ಲಿ ಅಷ್ಟು ವಚನಗಳು ಬಂದದ್ದು?

ಕೂಡಲಸಂಗಮದಲ್ಲಿ, ಕೃಷ್ಣಾ ಮಲಪ್ರಭಾ ಸೇರುವ ಕಡೆ ನಿಂತು ಆಯಿ ಹೇಳುತ್ತಿದ್ದ ಬಸವಣ್ಣನವರ ವಚನ ನೆನಪಿದೆಯಾ? ಜಗದಗಲ ಮುಗಿಲಗಲ ಇರುವವನು ಅಂಗೈಗೆ ಬಂದು ಚುಳುಕಾದದ್ದು. ಪೋಪರ ಸರಪಳಿಯಲ್ಲಿ ದೇವರು ತುದಿಯಲ್ಲಿ, ನಾವು ನಡುವೆ. ಮೇಲೆ ಹತ್ತಲು ನೋಡಿದರೆ ತಪ್ಪು. ವಚನದಲ್ಲಿ ಅವನೇ ಇಳಿದು ಬರುತ್ತಾನೆ. ಚಪ್ಪಲಿ ಹೊಲಿಯುವ ಹರಳಯ್ಯನವರ ಅಂಗೈಗೂ ಬಂದ, ಬಟ್ಟೆ ಒಗೆಯುವ ಮಾಚಯ್ಯನವರ ಅಂಗೈಗೂ ಬಂದ. ಇದನ್ನು ನೆನೆದು ನದಿ ದಂಡೆಯಲ್ಲೇ ಬಹಳ ಹೊತ್ತು ಕೂತಿದ್ದೆ.

ಆಯಿಗೆ ಈ ಪತ್ರ ಓದಿ ಹೇಳಿ. ಬೆಳಿಗ್ಗೆ ಪೂಜೆಗೆ ಕೂತಾಗ ಆ ವಚನ ಪೂರ್ತಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ನಡುವಿನ ಸಾಲು ನನಗೆ ಮರೆತಿದೆ. ಹಾಗೇ, ಒಂದು ಸೆರಗಿಗೆ ಎಷ್ಟು ಕೊಂಡಿ ಹಾಕುತ್ತೀರಿ, ಯಾವತ್ತಾದರೂ ಎಣಿಸಿದ್ದೀರಾ?

ನಿಮ್ಮ ಮಗಳು